ಐದು, ಇನ್ನು ಇಳಿಯಬಹುದು

ಅಪ್ಪ ಜೀವ ಬಿಟ್ಟ ಗೋಪುರವನ್ನೇ ತಾನೂ ಹತ್ತುತ್ತೇನೆಂದು ಬ್ರಿಯೋನಿ ಹೇಳಿದಾಗ ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ವಾರಾಗಿಲ್ ಊರಿಗೆಲ್ಲ ಗೊತ್ತಿದ್ದದ್ದೇ. ಅವತ್ತು ಮಾತ್ರ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು.

"ಈ ದೇಶದಲ್ಲಿ ಕುದುರೆ ಓಡೋ ಜಾಗ ಬೇರೆ ಇಲ್ವೇನೇ? ಹ್ಯಾಮಿಲ್ಟನ್‌ಗೆ ಹೋಗು, ಬೆಂಡಿಗೋಗೆ ಹೋಗು. ಆ ಹಾಳು ಗೋಪುರಾನೇ ಆಗ್ಬೇಕಾ ನಿಂಗೆ?"

"ಅಪ್ಪ ಹೋದಾಗ ನಾನು ಅಷ್ಟು ದೂರ ಕೇರ್ನ್ಸ್‌ನಲ್ಲಿದ್ದೆ, ಆಂಟಿ ನೊರ್. ಕೊನೇಲಿ ಒಂದು ಮಾತೂ ಆಡ್ಲಿಲ್ಲ. ಅಲ್ಲಿ ಮೇಲೆ ನಿಂತ್ರೆ ಸ್ವಲ್ಪ ಸಮಾಧಾನ ಆಗತ್ತೇನೋ, ಅಷ್ಟೇ."

"ಸಮಾಧಾನ ಬೇಕಿದ್ರೆ ಚರ್ಚಿಗೆ ಹೋಗು."

ಅವಳು ನಕ್ಕಳು. ಅವಳು ಹುಟ್ಟಿದಾಗಿನಿಂದ ನನ್ನನ್ನು ಆಂಟಿ ಎನ್ನುತ್ತಾಳೆ, ನಮ್ಮಲ್ಲಿ ರಕ್ತಸಂಬಂಧವೇನೂ ಇಲ್ಲ. ಅವಳಪ್ಪ ಮರ್ವ್ ಗ್ಯಾಲಗರ್ ಮತ್ತು ನಾನು ಒಂದೇ ಟ್ರಕ್ಕಿನ ಜನ. ಕುದುರೆ ಓಟವನ್ನು ಟಿವಿಗೆ ಕಳಿಸುವ ಟ್ರಕ್ ಅದು. ಕ್ಯಾಮೆರಾದವರು ಮೈದಾನದ ಸುತ್ತ ಗೋಪುರಗಳ ಮೇಲೆ ನಿಂತಿರುತ್ತಾರೆ, ನಾನು ಪ್ರೇಕ್ಷಕರ ಕಟ್ಟಡದ ಹಿಂದೆ ನಿಲ್ಲಿಸಿದ ಟ್ರಕ್ಕಿನೊಳಗೆ ಯಂತ್ರಗಳ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತೇನೆ. ಹೆಸರು ಎಂಜಿನಿಯರ್. ಏನೇ ಕೆಟ್ಟರೂ ಬೈಸಿಕೊಳ್ಳುವವಳು ಎಂದು ಅರ್ಥ.

ಗೋಪುರದಿಂದ ಟ್ರಕ್ಕಿಗೆ ಚಿತ್ರ ಬರುವುದು ನೆಲದಡಿಯ ಗಾಜಿನ ಎಳೆಯಲ್ಲಿ. ಗೋಪುರದಲ್ಲಿ ಬೆರಳಿನಷ್ಟು ದೊಡ್ಡ ಒಂದು ಲೋಹದ ತುಂಡು ಕ್ಯಾಮೆರಾದ ಚಿತ್ರವನ್ನು ಬೆಳಕಾಗಿಸಿ ಎಳೆಯೊಳಗೆ ತಳ್ಳುತ್ತದೆ. ಟ್ರಕ್ಕಿನಲ್ಲಿರುವ ಅದರ ಜೋಡಿ ಆ ಬೆಳಕನ್ನು ಹಿಡಿದು ಮತ್ತೆ ಚಿತ್ರ ಮಾಡುತ್ತದೆ. ನಾವು ಅದನ್ನು ಮಾಡ್ಯೂಲ್ ಎನ್ನುತ್ತೇವೆ. ಬೆಳಕು ಬರುತ್ತಿದ್ದರೆ ಅದರ ಮೂತಿಯ ಪಕ್ಕ ಸಣ್ಣದೊಂದು ಹಸಿರು ದೀಪ ಉರಿಯುತ್ತದೆ, ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗಿರುತ್ತದೆ. ಎಳೆ ಬಿಚ್ಚಿದರೆ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು, ಒಂದು ಧೂಳಿನ ಕಣ ಕೂತರೂ ಚಿತ್ರ ಹಾಳು. ಮುಚ್ಚಳ ಹಾಕಿದ ಎಳೆಯೊಳಗೆ ಬೆಳಕು ಹೋಗುವುದಿಲ್ಲ. ಹೋಗಲು ಸಾಧ್ಯವೇ ಇಲ್ಲ. ಇದೊಂದು ನಿಮಗೆ ನೆನಪಿರಲಿ.

ಇನ್ನೊಂದು ಮಾತು. ನಮ್ಮ ನಿರ್ದೇಶಕ ರಸ್ ಟಿಪ್ಪೆಟ್ ಹೆಡ್‌ಫೋನಿನಲ್ಲಿ ಎಲ್ಲರೊಂದಿಗೂ ಮಾತಾಡುತ್ತಲೇ ಇರುತ್ತಾನೆ. ಎಲ್ಲರೂ ತಿರುಗಿ ಉತ್ತರಿಸಲು ಹೊರಟರೆ ಮೀನು ಮಾರ್ಕೆಟ್ ಆಗುತ್ತದೆ. ಹಾಗಾಗಿ ಕ್ಯಾಮೆರಾದವರು ಕ್ಯಾಮೆರಾದಿಂದಲೇ ಉತ್ತರ ಕೊಡುತ್ತಾರೆ. ಮೇಲೆ ಕೆಳಗೆ ಆಡಿಸಿದರೆ ಹೂಂ, ಅಡ್ಡಡ್ಡ ಆಡಿಸಿದರೆ ಊಹೂಂ. ಪರದೆಯ ಮೇಲೆ ಇಡೀ ಮೈದಾನವೇ ತಲೆಯಾಡಿಸಿದಂತೆ ಕಾಣುತ್ತದೆ. ಒಬ್ಬೊಬ್ಬರದು ಒಂದೊಂದು ರೀತಿ. ಮರ್ವ್‌ನದು ಮೊದಲು ನಿಧಾನಕ್ಕೆ ಒಂದು, ಆಮೇಲೆ ಚುರುಕಾಗಿ ಎರಡು. ದಿನದ ಕೊನೆಗೆ ರಸ್ ಒಬ್ಬೊಬ್ಬರನ್ನೇ ಅವರ ಸಂಖ್ಯೆ ಹಿಡಿದು ಬಿಡುಗಡೆ ಮಾಡುತ್ತಾನೆ: "ಒಂದು, ಇನ್ನು ಇಳಿಯಬಹುದು. ಎರಡು, ಇನ್ನು ಇಳಿಯಬಹುದು." ಆ ಮಾತು ಕಿವಿಗೆ ಬೀಳುವವರೆಗೆ ಮಳೆ ಬರಲಿ, ಸಿಡಿಲು ಬರಲಿ, ಯಾರೂ ಗೋಪುರ ಇಳಿಯುವ ಹಾಗಿಲ್ಲ. ಮರ್ವ್ ಅಂತೂ ಆ ವಿಷಯದಲ್ಲಿ ಕಟ್ಟುನಿಟ್ಟು. ಒಮ್ಮೆ ರಸ್ ಮರೆತು ಬಿಯರ್ ಕುಡಿಯಲು ಹೋದಾಗ ಮರ್ವ್ ಕತ್ತಲಾಗುವವರೆಗೆ ಮೇಲೆಯೇ ನಿಂತಿದ್ದ. ಆಮೇಲೆ ಒಂದು ವಾರ ರಸ್‌ನನ್ನು ಮಾತಾಡಿಸಲಿಲ್ಲ.

ಮರ್ವ್ ಐದನೇ ಕ್ಯಾಮೆರಾ. ಅವನ ಗೋಪುರ ಮೈದಾನದ ಆಚೆ ತುದಿಯ ತಿರುವಿನಲ್ಲಿ, ಗೋಧಿ ಹೊಲಗಳ ಅಂಚಿನಲ್ಲಿತ್ತು. ಕಳೆದ ಶರತ್ಕಾಲದ ಕೊನೆಯಲ್ಲಿ, ಗಾಳಿ ಮೂಳೆಗೆ ನಾಟುತ್ತಿದ್ದ ಒಂದು ಮಧ್ಯಾಹ್ನ, ಕೊನೆಯ ಓಟಕ್ಕೆ ಸ್ವಲ್ಪ ಮುಂಚೆ ಅವನ ಎದೆಬಡಿತ ನಿಂತುಹೋಯಿತು. ಐದನೇ ಪರದೆಯಲ್ಲಿ ಚಿತ್ರ ಮೆಲ್ಲಗೆ ಬಾಗಿ ನೆಲ ನೋಡತೊಡಗಿದ್ದನ್ನು ನಾವೆಲ್ಲ ನೋಡಿದೆವು. ಆಂಬ್ಯುಲೆನ್ಸ್ ಮೈದಾನದಲ್ಲೇ ಇತ್ತು, ಏನೂ ಪ್ರಯೋಜನವಾಗಲಿಲ್ಲ. ಓಟ ರದ್ದಾಯಿತು. ರಸ್ ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಹೋಗಿ ಟ್ರಕ್ಕಿನ ಚಕ್ರಕ್ಕೆ ಒರಗಿ ಕೂತುಬಿಟ್ಟ. ಉಳಿದವರು ತಾವಾಗಿಯೇ ಇಳಿದು ಬಂದರು.

ಮರ್ವ್ ಚಳಿಗೆ ಸತ್ತ ಎಂದು ಊರಲ್ಲಿ ಮಾತಾಯಿತು. ಮೈದಾನದ ಸಮಿತಿಯವರಿಗೆ ನಾಚಿಕೆಯಾಯಿತೇನೋ, ಗೋಪುರದ ಪಕ್ಕ ಇದ್ದ ದೊಡ್ಡ ನೀಲಗಿರಿ ಮರ ಕಡಿಸಿ, ಮೇಲೊಂದು ತಗಡಿನ ಗೂಡು ಕಟ್ಟಿಸಿ, ಅದರೊಳಗೆ ಗ್ಯಾಸ್ ಹೀಟರ್ ಇಟ್ಟರು. ಹಳೆಯ ಕ್ಯಾಮೆರಾ ಗುಜರಿಗೆ ಹೋಯಿತು. ಹೊಸ ಕ್ಯಾಮೆರಾ, ಹೊಸ ಎಳೆ. ಸಂಖ್ಯೆ ಮಾತ್ರ ಆರು, ಏಕೆಂದರೆ ಐದು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಹಳೆಯ ಎಳೆಯ ತುದಿಗೆ ನಾನೇ ಕೆಂಪು ಮುಚ್ಚಳ ಹಾಕಿ, ಮೇಲೆ ಟೇಪು ಸುತ್ತಿ, ಗೋಪುರದ ಬುಡದ ಪೆಟ್ಟಿಗೆಯಲ್ಲಿಟ್ಟೆ. ಎಲ್ಲ ಎಳೆಗಳೂ ಟ್ರಕ್ಕಿಗೆ ಒಂದೇ ದಪ್ಪ ಪ್ಲಗ್ಗಿನಲ್ಲಿ ಸೇರಿ ಬರುವುದರಿಂದ ಐದನೇ ಎಳೆಯ ಈ ಕಡೆಯ ತುದಿ ಮರ್ವ್‌ನ ಮಾಡ್ಯೂಲಿಗೆ ಅಂಟಿಕೊಂಡೇ ಇತ್ತು. ಅದನ್ನು ಕೀಳಲು ನನಗೆ ಮನಸ್ಸು ಬರಲಿಲ್ಲ.

ಬ್ರಿಯೋನಿ ಮೊದಲ ದಿನ ಗೋಪುರ ಹತ್ತಿ ಕ್ಯಾಮೆರಾ ಚಾಲೂ ಮಾಡಿದಾಗ, ಐದನೇ ಮಾಡ್ಯೂಲಿನ ಹಸಿರು ದೀಪ ಹೊತ್ತಿಕೊಂಡಿತು.

ಪರದೆ ಕಪ್ಪಗೇ ಇತ್ತು. ನಾನು ಕೈ ಚಾಚಿ ಮಾಡ್ಯೂಲ್ ಮುಟ್ಟಿದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದಂತೆ ಕೊರೆಯುತ್ತಿತ್ತು. ಅದರ ಎರಡೂ ಪಕ್ಕದ ಮಾಡ್ಯೂಲುಗಳು ಬಿಸಿಯಾಗಿದ್ದವು, ನಡುವೆ ಇದೊಂದು ಮಂಜುಗಡ್ಡೆ. ಬ್ರಿಯೋನಿ ಇಳಿದ ಮೇಲೆ ದೀಪ ಆರಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ರಸ್ ಊರಿಡೀ ಡಂಗುರ ಹೊಡೆಯುತ್ತಿದ್ದ.

ಜುಲೈನಲ್ಲಿ, ನಮ್ಮ ನಡು ಚಳಿಗಾಲದಲ್ಲಿ, ಮಂಜು ಬಿತ್ತು. ನಮ್ಮ ಈ ವಿಮೆರಾ ಬಯಲಿನ ಮಂಜು ಎಂದರೆ ನಮ್ಮ ಮೂಗು ನಮಗೇ ಕಾಣದಷ್ಟು. ಮೊದಲ ಓಟವನ್ನು ಮುಂದಕ್ಕೆ ಹಾಕಿ, ಎಲ್ಲರೂ ಕೈ ಉಜ್ಜಿಕೊಳ್ಳುತ್ತಾ ಬಿಸಿ ಮಾಂಸದ ಪೈ ತಿನ್ನುತ್ತಾ ಕಾದಿದ್ದರು. ನಮ್ಮ ಪರದೆಗಳೆಲ್ಲ ಬರೀ ಬೆಳ್ಳಗೆ. ಆರನೆಯದರಲ್ಲಿ ಆ ಬಿಳುಪಿನ ನಡುವೆ ಬೇಲಿಯ ಒಂದು ತುಂಡು ಮಾತ್ರ.

"ಆರು, ಸ್ವಲ್ಪ ಎಡಕ್ಕೆ ತಿರುಗು ನೋಡೋಣ," ಎಂದ ರಸ್.

ಬೇಲಿಯ ತುಂಡು ಅಲ್ಲೇ ಇತ್ತು.

"ಆರು? ಕೇಳಿಸ್ತಿದ್ರೆ ಹೂಂ ಅನ್ನು ತಾಯಿ."

ಚಿತ್ರ ಅಲುಗಲಿಲ್ಲ. ರಸ್ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದ. "ನೊರ್, ಆರು ಹಿಡ್ಕೊಂಡ್ಬಿಟ್ಟಿದೆ ಕಣೇ. ನಿನ್ನ ಮಾಡ್ಯೂಲ್ ಸತ್ತಿದೆ."

"ಚೆನ್ನಾಗಿ ಬಂದ್ರೆ ನಿನ್ನ ಚಿತ್ರ, ಕೆಟ್ರೆ ನನ್ನ ಮಾಡ್ಯೂಲು! ಚೆನ್ನಾಗಿದೆ ಮಾರಾಯ ನಿನ್ನ ನ್ಯಾಯ."

ನಮ್ಮ ಕಸುಬಿನಲ್ಲಿ ಇದು ದಿನಾ ಆಗುವಂಥದ್ದು. ಎಳೆಯಲ್ಲಿ ಬೆಳಕು ತಪ್ಪಿದರೆ ಟ್ರಕ್ಕಿನ ಒಂದು ಪೆಟ್ಟಿಗೆ ಕೊನೆಯದಾಗಿ ಬಂದ ಚಿತ್ರವನ್ನೇ ಹಿಡಿದಿಟ್ಟು ತೋರಿಸುತ್ತಿರುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಪರದೆ ಕಪ್ಪಾಗಿ ಕಾಣಬಾರದಲ್ಲ! ಹೀಗಾಗಿ ಅಲುಗದ ಚಿತ್ರ ಕಂಡರೆ, ತಲೆಯಾಡಿಸದ ಕ್ಯಾಮೆರಾ ಕಂಡರೆ, ನಾವು ಮೊದಲು ಯಂತ್ರವನ್ನು ಶಂಕಿಸುತ್ತೇವೆ. ಮನುಷ್ಯರ ನೆನಪಾಗುವುದು ಆಮೇಲೆ. ನಾನೂ ಹಾಗೇ ಮಾಡಿದೆ. ಆರರ ಮಾಡ್ಯೂಲನ್ನು ಕಿತ್ತೆ, ಎಳೆಯ ತುದಿ ಒರೆಸಿದೆ, ಹೊಸದನ್ನು ತುರುಕಿದೆ. ಹಸಿರು ದೀಪ ಬಂತು. ಅದೇ ಬಿಳುಪು, ಅದೇ ಬೇಲಿಯ ತುಂಡು. ಮತ್ತೊಂದು ಹಾಕಿದೆ. ಅದೂ ಅಷ್ಟೇ.

"ಆ ಕಡೆಯ ಮಾಡ್ಯೂಲೇ ಕೆಟ್ಟಿರ್ಬೇಕು," ಎಂದೆ. "ಗೋಪುರಕ್ಕೆ ಹೋಗಿ ನೋಡ್ಬೇಕು."

"ಈಗ್ಲಾ? ಮಂಜು ಸರಿದ ತಕ್ಷಣ ಓಟ ಬಿಡ್ತಾರೆ. ನೀನು ಟ್ರಕ್ ಬಿಟ್ಟು ಹೋದ್ರೆ ನನ್ನ ಕಥೆ ಮುಗೀತು. ಓಟ ಆಗ್ಲಿ, ಆಮೇಲೆ ಹೋಗು. ಆ ಹುಡುಗಿ ಹೀಟರ್ ಹಚ್ಕೊಂಡು ಆರಾಮಾಗಿ ಕೂತಿರ್ತಾಳೆ."

ಅವನ ಮಾತು ಮುಗಿಯುವ ಮೊದಲೇ ಐದನೇ ಪರದೆ ಬೆಳಗಿತು.

ಅದರಲ್ಲಿ ಮಂಜಿರಲಿಲ್ಲ. ಇಳಿಬಿಸಿಲು. ಒಣಗಿ ಹಳದಿಯಾದ ಹುಲ್ಲು, ತಿರುವಿನ ಬಿಳಿ ಬೇಲಿ, ದೂರದಲ್ಲಿ ಪ್ರೇಕ್ಷಕರ ಕಟ್ಟಡ. ಕುದುರೆಗಳಿಲ್ಲ, ಜನರಿಲ್ಲ, ಒಂದು ಕಾಗೆಯೂ ಇಲ್ಲ. ಚಿತ್ರದ ಎಡ ಅಂಚಿನಲ್ಲಿ ದೊಡ್ಡ ನೀಲಗಿರಿ ಮರವೊಂದು ಗಾಳಿಗೆ ಎಲೆ ಆಡಿಸುತ್ತಾ ನಿಂತಿತ್ತು. ಆ ಮರವನ್ನು ಕಡಿದು ತಿಂಗಳೇ ಕಳೆದಿತ್ತು. ಅದರ ಸೌದೆ ನಮ್ಮ ಮನೆಯ ಒಲೆಯಲ್ಲೇ ಉರಿದಿತ್ತು.

"ಅದೇನೇ ಅದು?" ಎಂದ ರಸ್. "ಹಳೇ ರೆಕಾರ್ಡಿಂಗ್ ಹಾಕಿದೀಯಾ? ನೊರ್, ತಮಾಷೆ ಮಾಡ್ಬೇಡ."

"ನನ್ನ ಕೈ ನೋಡು, ಎಲ್ಲಿದೆ ಅಂತ."

ಚಿತ್ರ ಅಡ್ಡಡ್ಡ ಆಡತೊಡಗಿತು. ಊಹೂಂ. ಊಹೂಂ. ಊಹೂಂ. ಮರ, ಬೇಲಿ, ಕಟ್ಟಡ ಎಲ್ಲವೂ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ರಸ್‌ನ ಮುಂದೆ ಒಬ್ಬೊಬ್ಬರೊಂದಿಗೆ ಮಾತಾಡುವ ಗುಂಡಿಗಳಲ್ಲಿ ಐದು ಎಂದು ಬರೆದದ್ದು ಇನ್ನೂ ಇತ್ತು. ನಾನೇ ಬಗ್ಗಿ ಅದನ್ನು ಒತ್ತಿದೆ.

"ಮರ್ವ್?"

ಚಿತ್ರ ನಿಂತಿತು. ನಿಧಾನಕ್ಕೆ ಒಂದು. ಚುರುಕಾಗಿ ಎರಡು.

ರಸ್ ಕುರ್ಚಿಯಿಂದ ಎದ್ದು ಗೋಡೆಗೆ ಅಂಟಿಕೊಂಡ. ನನಗೆ ಅಳು ಬಂತು, ಹೆದರಿಕೆಯೂ ಬಂತು, ಯಾವುದು ಮೊದಲು ಎಂದು ಗೊತ್ತಾಗಲಿಲ್ಲ. ಬಾಯಿಗೆ ಬಂದದ್ದು ಕಸುಬಿನ ಮಾತೇ.

"ಕೆಟ್ಟಿರೋದು ಮಾಡ್ಯೂಲಾ?"

ಊಹೂಂ.

"ಹಾಗಾದ್ರೆ... ಬ್ರಿಯೋನಿಗೆ ಏನಾದ್ರೂ..."

ಹೂಂ. ಈ ಸಲ ನಿಧಾನವಿಲ್ಲ, ಲೆಕ್ಕವಿಲ್ಲ. ಚಿತ್ರ ಮೇಲೆ ಕೆಳಗೆ, ಮೇಲೆ ಕೆಳಗೆ ಎದ್ದು ಬೀಳುತ್ತಿತ್ತು, ಯಾರೋ ಕ್ಯಾಮೆರಾದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಡಿಯುತ್ತಿರುವ ಹಾಗೆ.

"ಆಂಬ್ಯುಲೆನ್ಸ್ ಕರೆಯೋ!" ಎಂದು ರಸ್‌ಗೆ ಕೂಗಿ ಹೊರಗೆ ಓಡಿದೆ. ನನ್ನ ಪಿಕಪ್ಪನ್ನು ಮೈದಾನದ ಒಳಗಿನ ಹುಲ್ಲಿನ ಮೇಲೆ ನುಗ್ಗಿಸಿದೆ. ಓಟದ ದಿನ ಅಲ್ಲಿ ಗಾಡಿ ಹಾಕಿದವರ ಕೆಲಸ ಹೋಗುತ್ತದೆ. ಹೋಗಲಿ, ಹಾಳಾಗಿ ಹೋಗಲಿ ಎಂದುಕೊಂಡೆ. ಬೇಲಿಯೊಂದನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದನ್ನೇ ಹಿಡಿದು ಹೋದೆ.

ಏಣಿ ಒದ್ದೆಯಾಗಿತ್ತು. ಗೂಡಿನ ಬಾಗಿಲು ಮುಚ್ಚಿತ್ತು. ಮಂಜು ಒಳಗೆ ಬಂದು ಲೆನ್ಸಿನ ಮೇಲೆ ಕೂರುತ್ತದೆಂದು ಅವಳು ಗಾಳಿಯ ಕಿಂಡಿಗಳಿಗೆಲ್ಲ ಬಟ್ಟೆ ತುರುಕಿ, ಲೆನ್ಸಿನ ಸುತ್ತಲ ಸಂದಿಗೂ ತನ್ನ ಕೋಟು ಸುತ್ತಿದ್ದಳು. ಬಾಗಿಲು ಎಳೆದಾಗ ಬೆಚ್ಚನೆಯ ಹಬೆ ಮುಖಕ್ಕೆ ಹೊಡೆಯಿತು. ಹೀಟರ್ ಗುಂಯ್ ಎನ್ನುತ್ತಿತ್ತು. ಬ್ರಿಯೋನಿ ಕ್ಯಾಮೆರಾದ ಹಿಡಿಯ ಮೇಲೆ ತಲೆಯಿಟ್ಟು ಮಲಗಿದ್ದಳು, ಕೆನ್ನೆ ಎರಡೂ ಕೆಂಪಗೆ, ಎಂದೂ ಇಲ್ಲದಷ್ಟು ಲಕ್ಷಣವಾಗಿ.

ಹೀಟರ್ ಆರಿಸಿ, ಅವಳನ್ನು ದರದರ ಹೊರಗೆಳೆದು, ಕಟಾಂಜನಕ್ಕೆ ಒರಗಿಸಿ ಕೆನ್ನೆಗೆ ಬಾರಿಸಿದೆ. "ಉಸಿರಾಡೇ! ಉಸಿರಾಡು, ನನ್ನ ಹೊಟ್ಟೆ ಉರಿಸ್ಬೇಡ!" ಎರಡು ಸಲ ಬಾರಿಸಿದ ಮೇಲೆ ಅವಳು ಕೆಮ್ಮಿದಳು. ಆ ಕೆಮ್ಮಿನಷ್ಟು ಒಳ್ಳೆಯ ಸದ್ದನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ಆಂಬ್ಯುಲೆನ್ಸಿನವರು ಅವಳ ಮೂಗಿಗೆ ಆಮ್ಲಜನಕ ಹಿಡಿದು ಕೆಳಗಿಳಿಸಿದರು. ಹೀಟರಿನ ಕೆಟ್ಟ ಗಾಳಿ ಕುಡಿದಿದ್ದಾಳೆ, ಇನ್ನು ಸ್ವಲ್ಪ ತಡವಾಗಿದ್ದರೆ ಮುಗಿದೇಹೋಗುತ್ತಿತ್ತು ಎಂದರು. ಅವರು ಹೋದ ಮೇಲೆ ನಾನು ಗೋಪುರದ ಬುಡದ ಪೆಟ್ಟಿಗೆ ತೆರೆದು ನೋಡಿದೆ. ಹಳೆಯ ಎಳೆಯ ತುದಿಯಲ್ಲಿ ಕೆಂಪು ಮುಚ್ಚಳ. ಮೇಲೆ ನಾನು ಸುತ್ತಿದ ಟೇಪು, ನಾನು ಸುತ್ತಿದ ಹಾಗೆಯೇ.

ಬ್ರಿಯೋನಿಗೆ ಇದನ್ನು ಹೇಳಬಾರದು ಎಂದು ನಾನು ರಸ್‌ನ ಕೈಯಿಂದ ಆಣೆ ಹಾಕಿಸಿಕೊಂಡೆ. ಅವನ ಬಾಯಲ್ಲಿ ಅದು ಒಂದು ವಾರ ನಿಂತಿತು. ಆಸ್ಪತ್ರೆಗೆ ಹೂ ಹಿಡಿದುಕೊಂಡು ಹೋದವನು ಎಲ್ಲವನ್ನೂ ಒದರಿ ಬಂದ.

ನನಗಿದ್ದ ಭಯ ಇದೇ. ಆಸ್ಪತ್ರೆಯಿಂದ ಬಂದವಳು ನೇರ ನನ್ನ ಮನೆಗೆ ಬಂದಳು.

"ಅಪ್ಪ ಅಲ್ಲೇ ಇದ್ದಾನೆ ಅಂದ್ಮೇಲೆ ನಾನ್ಯಾಕೆ ಬೇರೆ ಕಡೆ ಹೋಗ್ಲಿ, ಆಂಟಿ ನೊರ್?"

"ಅವನು ನಿನ್ನ ಉಳಿಸಿದ್ದು ನೀನು ಮತ್ತೆ ಅಲ್ಲಿಗೇ ಹೋಗಿ ಕೂರ್ಲಿ ಅಂತಲ್ಲ ಕಣೇ."

"ನಿಮಗೆ ಹೇಗೆ ಗೊತ್ತು?"

ಅವಳು ಮತ್ತೆ ಗೋಪುರ ಹತ್ತಿದಳು. ಸಮಿತಿಯವರು ಹೀಟರ್ ತೆಗೆಸಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದಳು, ರಸ್ "ಆರು, ಇನ್ನು ಇಳಿಯಬಹುದು" ಎಂದ ಮೇಲೂ ಇಳಿಯುತ್ತಿರಲಿಲ್ಲ. ಹೆಡ್‌ಫೋನಿನಲ್ಲಿ ಅವಳ ಮಾತು ನನಗೆ ಕೇಳುತ್ತಿತ್ತು. "ಅಪ್ಪಾ, ನಿನ್ನ ನಾಯಿ ಈಗ ನನ್ನ ಹತ್ರಾನೇ ಇದೆ. ಅಪ್ಪಾ, ನಿನ್ನ ದೋಣಿ ಮಾರ್ಲಾ?" ಐದನೇ ಪರದೆಯಲ್ಲಿ ಮೈದಾನ ಹೂಂ ಎನ್ನುತ್ತಿತ್ತು, ಊಹೂಂ ಎನ್ನುತ್ತಿತ್ತು. ಗೋಪುರದಲ್ಲಿ ಅವಳಿಗೆ ಅದು ಕಾಣುತ್ತಿರಲಿಲ್ಲ, ನಾನು ನೋಡಿ ಹೇಳಬೇಕಿತ್ತು. ಸತ್ತವನ ಮಾತನ್ನು ಬದುಕಿದವಳಿಗೆ ದಾಟಿಸುವ ಕೆಲಸ. ಥೂ, ಯಾರಿಗೂ ಬೇಡ.

ಹುಡುಗಿ ಸೊರಗಿದಳು. ಗೆಳೆಯರ ಫೋನ್ ಎತ್ತುವುದು ಬಿಟ್ಟಳು. ಕೇರ್ನ್ಸ್‌ನಲ್ಲಿ ಕಾದಿದ್ದ ಕೆಲಸ ಬೇಡವೆಂದಳು. ಓಟವಿಲ್ಲದ ದಿನಗಳಲ್ಲೂ ಸುಮ್ಮನೆ ಗೋಪುರದ ಮೇಲೆ ಕೂತಿರುತ್ತಾಳೆಂದು ಹುಲ್ಲು ಕತ್ತರಿಸುವವರು ಹೇಳಿದರು. ಒಂದು ಸಾವು ಕಂಡ ಗೋಪುರ ಇವಳನ್ನೂ ಇಟ್ಟುಕೊಳ್ಳುತ್ತದೆ ಎಂದು ನನಗೆ ಖಾತ್ರಿಯಾಗತೊಡಗಿತು. ಈ ಸಲ ಹೀಟರೂ ಬೇಕಾಗಿರಲಿಲ್ಲ.

ಅಕ್ಟೋಬರಿನ ಒಂದು ಸಂಜೆಮುಂದೆ, ಕೊನೆಯ ಓಟ ಮುಗಿದಿತ್ತು. ರಸ್ ಎಂದಿನಂತೆ ಒಬ್ಬೊಬ್ಬರನ್ನೇ ಬಿಡುತ್ತಿದ್ದ.

"ಒಂದು, ಇನ್ನು ಇಳಿಯಬಹುದು. ಎರಡು, ಇನ್ನು ಇಳಿಯಬಹುದು. ಮೂರು, ಇನ್ನು ಇಳಿಯಬಹುದು. ನಾಲ್ಕು, ಇನ್ನು ಇಳಿಯಬಹುದು."

ಒಂದೊಂದು ಪರದೆಯೂ ತಲೆಯಾಡಿಸಿ ಕಪ್ಪಾಯಿತು. ಆಗ ಐದನೆಯದು ಥಟ್ಟನೆ ನೆಟ್ಟಗಾಗಿ ನಿಂತದ್ದು ನನ್ನ ಕಣ್ಣಿಗೆ ಬಿತ್ತು. ಹೆಸರು ಕೂಗುವಾಗ ಬೆನ್ನು ನೆಟ್ಟಗೆ ಮಾಡುವ ಶಾಲೆಯ ಮಕ್ಕಳ ಹಾಗೆ. ಕಾಯುತ್ತಿತ್ತು.

"ಆರು, ಇನ್ನು ಇಳಿಯಬಹುದು," ಎಂದ ರಸ್.

ಐದನೇ ಚಿತ್ರ ಮೆಲ್ಲಗೆ ಕುಗ್ಗಿತು. ನಡುಗುತ್ತಿತ್ತು. ತಿಂಗಳುಗಳಿಂದ ಅದು ನಡುಗುತ್ತಲೇ ಇತ್ತು, ಗಾಳಿಗೆ ಎಂದುಕೊಂಡಿದ್ದೆ.

"ರಸ್," ಎಂದೆ. "ಅವತ್ತು ನೀನು ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಹೋದೆ."

"ಯಾವತ್ತು?"

"ಅವತ್ತೇ. ನೀನು ಯಾರನ್ನೂ ಬಿಡ್ಲಿಲ್ಲ. ಉಳಿದವರು ತಾವೇ ಇಳಿದ್ರು. ಅವನು ಹೇಳದೆ ಇಳಿಯೋ ಜಾತಿಯವನಲ್ಲ."

ರಸ್ ಪರದೆ ನೋಡಿದ. ನಾನು ಆರನೇ ಗುಂಡಿ ಒತ್ತಿ, "ಬ್ರಿಯೋನಿ, ಈಗಿಂದೀಗ್ಲೇ ಟ್ರಕ್ಕಿಗೆ ಬಾ. ಎದುರು ಮಾತಾಡ್ಬೇಡ," ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಬಂದಳು. ಅವಳು ಇಳಿದರೂ ಈ ಸಲ ಐದನೇ ಪರದೆ ಆರಲಿಲ್ಲ.

ಅಲ್ಲಿಯವರೆಗೆ ಅವಳು ಆ ಪರದೆಯನ್ನು ನೋಡಿರಲೇ ಇಲ್ಲ. ಇಳಿಬಿಸಿಲು, ಹಳದಿ ಹುಲ್ಲು, ಮರ. ಅಪ್ಪ ಕೊನೆಯದಾಗಿ ನೋಡಿದ್ದು ಅದು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಗಾಜಿಗೆ ಬೆರಳು ತಾಗಿಸಿದಳು.

"ಇದ್ಯಾಕೆ ನಡುಗ್ತಾ ಇದೆ?"

"ನೀನೇ ಕೇಳು," ಎಂದು ಐದನೇ ಗುಂಡಿ ತೋರಿಸಿದೆ.

"ಅಪ್ಪಾ? ಚಳಿಯಾಗ್ತಿದೆಯಾ?"

ನಿಧಾನಕ್ಕೆ ಒಂದು. ಎರಡನೆಯದಕ್ಕೆ, ಮೂರನೆಯದಕ್ಕೆ ಶಕ್ತಿ ಇದ್ದಂತೆ ಕಾಣಲಿಲ್ಲ.

"ನಾನು ಮೇಲೆ ಬರ್ಲಾ ಅಪ್ಪಾ? ಜೊತೇಲಿ ಕೂತಿರ್ತೀನಿ. ಇವತ್ತು ರಾತ್ರಿ ಪೂರ್ತಿ ಕೂತಿರ್ತೀನಿ."

ಊಹೂಂ. ಚಿತ್ರ ಎಡದಂಚಿನಿಂದ ಬಲದಂಚಿಗೆ ರಭಸದಿಂದ ಆಡಿತು. ಊಹೂಂ, ಊಹೂಂ. ಮಂಜಿನ ದಿನ ಆಡಿದ ಹಾಗೆಯೇ.

"ಮತ್ತೆ ಏನು ಬೇಕು ನಿಂಗೆ?" ಎಂದು ಅವಳು ಅತ್ತುಬಿಟ್ಟಳು.

ಆ ಪ್ರಶ್ನೆಗೆ ಹೂಂ ಇಲ್ಲ, ಊಹೂಂ ಇಲ್ಲ. ಚಿತ್ರ ಸುಮ್ಮನೆ ನಡುಗುತ್ತಾ ನಿಂತಿತು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ರಸ್ ಅವತ್ತು ಯಾರಿಗೂ ಇಳಿಯಬಹುದು ಎನ್ನದೆ ಎದ್ದುಹೋದದ್ದನ್ನು ಹೇಳಿದೆ. ಅವಳು ಪರದೆಯ ಕಡೆ ತಿರುಗಿದಳು.

"ಇಳೀಬೇಕಾ ಅಪ್ಪಾ?"

ಹೂಂ.

"ರಸ್, ಹೇಳೋ," ಎಂದೆ.

ರಸ್ ಗುಂಡಿಯ ಮೇಲೆ ಬೆರಳಿಟ್ಟ. ಬಾಯಿ ತೆರೆದ. ದಿನವಿಡೀ ಬಾಯಿ ಮುಚ್ಚದ ಗಂಡಸು, ಒಂದು ಅಕ್ಷರ ಹೊರಡಲಿಲ್ಲ. ತಲೆಯಾಡಿಸಿ, ಹೆಡ್‌ಫೋನ್ ತೆಗೆದು ಬ್ರಿಯೋನಿಯ ಮುಂದೆ ಹಿಡಿದ.

"ನಾನು ಹೇಳಿದ್ರೆ ಹೋಗ್ಬಿಡ್ತಾನೆ," ಎಂದಳು ಅವಳು.

"ಹೌದು ಮಗಳೇ."

"ಮತ್ತೆ ಬರಲ್ಲ."

"ಬರಲ್ಲ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೂಗೊರೆಸಿಕೊಂಡಳು. ಗುಂಡಿ ಒತ್ತಿದಾಗ ಅವಳ ದನಿ ಸ್ವಲ್ಪವೂ ಅಲುಗಲಿಲ್ಲ, ಅದಕ್ಕಾಗಿ ನಾನು ಅವಳನ್ನು ಬದುಕಿರುವವರೆಗೆ ಮೆಚ್ಚುತ್ತೇನೆ.

"ಐದು, ಇನ್ನು ಇಳಿಯಬಹುದು. ಮನೆಗೆ ಹೋಗು ಅಪ್ಪಾ."

ನಿಧಾನಕ್ಕೆ ಒಂದು. ಚುರುಕಾಗಿ ಎರಡು.

ಆಮೇಲೆ ಚಿತ್ರ ಮೆಲ್ಲಗೆ ಕೆಳಗೆ ಬಾಗಿತು. ಹುಲ್ಲಿನ ಮೇಲೆ ಗೋಪುರದ ಉದ್ದನೆಯ ನೆರಳು ಬಿದ್ದಿತ್ತು, ಏಣಿಯ ಮೆಟ್ಟಿಲು ಸಮೇತ. ನಾವು ಮೂವರೂ ನೋಡುತ್ತಿದ್ದಂತೆ ಆ ನೆರಳಿನ ಏಣಿಯಲ್ಲಿ ಒಂದು ಮನುಷ್ಯನ ನೆರಳು ಇಳಿಯತೊಡಗಿತು. ಒಂದೊಂದೇ ಮೆಟ್ಟಿಲು, ಮೊಣಕಾಲು ನೋಯುವವರು ಇಳಿಯುವ ಹಾಗೆ, ಮಧ್ಯೆ ಒಮ್ಮೆ ನಿಂತು ಸುಧಾರಿಸಿಕೊಂಡು. ಏಣಿಯಲ್ಲಿ ಮನುಷ್ಯನಿರಲಿಲ್ಲ, ನೆರಳು ಮಾತ್ರ. ಕೆಳಗೆ ತಲುಪಿದ ನೆರಳು ಟೋಪಿ ಸರಿಮಾಡಿಕೊಂಡಿತು. ಗೋಪುರದ ನೆರಳಿನಿಂದ ಬಿಡಿಸಿಕೊಂಡು ಹುಲ್ಲಿನ ಮೇಲೆ ಬಿಸಿಲಿನತ್ತ ನಡೆದು, ಚಿತ್ರದ ಅಂಚು ದಾಟಿತು.

ಕ್ಯಾಮೆರಾ ಖಾಲಿ ಹುಲ್ಲನ್ನು ಸ್ವಲ್ಪ ಹೊತ್ತು ತೋರಿಸುತ್ತಿತ್ತು. ನಡುಕ ನಿಂತಿತ್ತು. ಆಮೇಲೆ ಪರದೆ ಕಪ್ಪಾಯಿತು, ಹಸಿರು ದೀಪವೂ ಆರಿತು.

ರಸ್ ಹೊರಗೆ ಹೋಗಿ, ಅವತ್ತು ಕೂತಿದ್ದ ಚಕ್ರದ ಹತ್ತಿರವೇ ಕೂತ. ನಾನು ಎದ್ದು ಹಿಂದಿನ ಕಪಾಟಿಗೆ ಹೋದೆ. ಇನ್ನು ಮರ್ವ್‌ನ ಮಾಡ್ಯೂಲನ್ನು ಕೀಳಬಹುದು ಎನ್ನಿಸಿತು. ಎಳೆ ಬಿಚ್ಚಿ ಮುಚ್ಚಳ ಹಾಕಿದೆ. ಮುಟ್ಟಲು ನನಗೆ ಇನ್ನೂ ಭಯ. ಇಷ್ಟು ತಿಂಗಳು ಅದರ ಚಳಿ ನನ್ನ ಬೆರಳಿಗೆ ಅಂಟಿಕೊಂಡೇ ಇತ್ತು. ಬಟ್ಟೆಯಲ್ಲಿ ಹಿಡಿದು ಮಾಡ್ಯೂಲನ್ನು ಹೊರಗೆಳೆದು, ಬ್ರಿಯೋನಿಯ ಅಂಗೈಯಲ್ಲಿ ಇಟ್ಟೆ. ಅಪ್ಪನದು ಅವಳಿಗೆ ಸೇರಬೇಕು.

ಅವಳು ಬೆರಳು ಮಡಚಿ ಅದನ್ನು ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕೆನ್ನೆಗೆ ಒತ್ತಿಕೊಂಡಳು.

"ಆಂಟಿ ನೊರ್," ಎಂದಳು, "ಇದು ಬೆಚ್ಚಗಿದೆ."